ಥಂಡ ಗಾಳಿ ಬಿಡೂ ಬಿಸಿ ಮಷಿನ್

ನಾ ಹುಬ್ಬಳ್ಳ್ಯಾಗ ಇಪ್ಪತ್ತು ವರ್ಷ ಫ್ರಿಜ್ ರಿಪೇರಿ ಮಾಡಿದಾಂವ. ಆಗ ನನ್ನ ಸಿಟ್ಟು ಹಿಂಗಿರಲಿಲ್ಲ. ನೀರು ಕಾಸೂ ಹೀಟ್ ಪಂಪ್ ಕೂಡಸೂ ಕೆಲಸಕ್ಕ ಬಂದ ಮ್ಯಾಲೆ, ದಿನಾ ಯಾರರ ಒಬ್ರು ನನ್ನ ತಲಿ ತಿನ್ನಾಕ ತಯಾರ ಇರ್ತಾರ. ಮಷಿನ್ ತಾನಾಗಿ ಕೆಡೂದಿಲ್ಲರಿ, ಮಂದಿ ಕೆಡಸ್ತಾರ.

ಈ ಸಲ ಮಾತ್ರ ನಗೂ ಹಂಗಿರಲಿಲ್ಲ. ನಮ್ಮಕ್ಕ ಬಿದ್ದು ಸೊಂಟದ ಎಲುಬು ಮುರಕೊಂಡು ಮೂರು ತಿಂಗಳು ಹಾಸಿಗಿ ಹಿಡದಿದ್ಲು. ಬೆಚ್ಚಗಿನ ನೀರಾಗ ನಿಂತು ನಡದ್ರ ಕಾಲಿಗೆ ಬಲ ಬರ್ತೈತಿ ಅಂದ್ರು ಡಾಕ್ಟರ್. ರಾಯಾಪುರದಾಗ ಅಂಥಾ ವ್ಯಾಯಾಮಕ್ಕಂತನ ಒಂದು ಸಣ್ಣ ಈಜುಕೊಳ ಐತಿ. ಅದಕ್ಕ ಮಷಿನ್ ಕೂಡಿಸಿದಾಂವ ನಾನ. ಅಕ್ಕಗ ಕೈ ಕಾಲು ಬಿದ್ದು ಒಪ್ಪಿಸಿದೆ.

"ರವಿವಾರ ಬರ್ತೇನಿ. ನೀರು ಥಂಡ ಇತ್ತಂದ್ರ ಮತ್ತ ಈ ಜನ್ಮದಾಗ ಕರೀಬ್ಯಾಡ," ಅಂದ್ಲು.

ಕೌದಿ

ಗುರುವಾರ ಫೋನ್ ಬಂತು, ನೀರು ಕಾಯವಲ್ದು ಅಂತ. ಹೋಗಿ ನೋಡ್ತೇನಿ, ಹೊರಗಿನ ಮಷಿನ್ನಿಗೆ ಮ್ಯಾಲಿಂದ ಕೆಳತನಕ ಕೌದಿ ಸುತ್ತಿ ಹಗ್ಗದ್ಲೆ ಬಿಗದಾರ! ಬಾಜೂಕ ವಾಚ್‌ಮನ್ ಕಾಕಾ ನಿಂತಿದ್ರು, ಗರಗ ಊರಿನವರು.

"ಏನ್ರಿ ಕಾಕಾ ಇದು?"

"ಥಂಡಿ ಭಾಳ ಐತ್ರಿ. ಪಾಪ, ನಡಗಾಕತ್ತಿತ್ತು."

"ಅದು ನಡಗೂದಲ್ಲರಿ, ಒಳಗ ಫ್ಯಾನ್ ತಿರಗೂದು! ಹೊರಗಿನ ಗಾಳ್ಯಾಗಿನ ಕಾವು ಎಳಕೊಂಡು ನೀರಿಗೆ ಹಾಕೂ ಮಷಿನ್ ಇದು. ಗಾಳಿನ ಬಂದ್ ಮಾಡಿದ್ರ ಕಾವು ಎಲ್ಲಿಂದ ತರಬೇಕು, ನಿಮ್ಮ ಗರಗದಿಂದೇನು?"

ಕಾಕಾ ಕೌದಿ ಬಿಚ್ಚಿ ತಾವು ಹೊದ್ಕೊಂಡ್ರು. "ಈ ಥಂಡ್ಯಾಗ ಕಾವು ಹುಡಕಾಕ ಇದು ಹೊರಗ ಕುಂತೈತಿ. ನಾ ಒಳಗ ಒಲಿ ಮುಂದ ಕುಂದರ್ತೇನಿ. ಶಾಣ್ಯಾ ಯಾರ್ರಿ?"

ಮೆಣಸಿನಕಾಯಿ

ಶುಕ್ರವಾರ ಮತ್ತ ಫೋನ್. ಈ ಸಲ ಗೇಟಿನ್ಯಾಗ ಚಾ ಅಂಗಡಿ ಇಟ್ಟಾಕಿ, ಮಷಿನ್ನಿನ ಗಾಳಿಗೆ ಒಂದು ಚೀಲ ಕೆಂಪು ಮೆಣಸಿನಕಾಯಿ ಹರವಿದ್ಲು. ಘಾಟು ಎದ್ದು, ನೀರಾಗ ನಿಂತ ಹಿರ್ಯಾರೆಲ್ಲ ಒಂದ ಸಮನ ಸೀನಾಕತ್ತಿದ್ರು. ನನಗ ಮೈಯೆಲ್ಲ ಉರದು ಹೋತು.

"ತಗೀರಿ ಅವ್ವಾರ ಇದನ್ನ!"

"ನನಗ್ಯಾಕ ಜೋರು ಮಾಡ್ತೀರಿ? ಹೀಟ್ ಪಂಪ್ ಅಂತ ಹೆಸರು, ಬರೂದು ಬರಫಿನಂಥಾ ಗಾಳಿ! ನಿನ್ನಿ ನೀವು ಹ್ವಾದ ಮ್ಯಾಲೆ ಹಾಕೇನಿ, ಒಂದರ ಕಾಯಿ ಒಣಗೇತೇನು?"

"ನಿಮ್ಮ ಫ್ರಿಜ್ಜಿನ ಹಿಂದ ಬೆಚ್ಚಗಿರತೈತೋ ಇಲ್ಲೋ? ಒಳಗಿನ ಬಿಸಿ ತಗದು ಹೊರಗ ಒಗೀತೈತಿ. ಇದು ಗಾಳ್ಯಾಗಿನ ಬಿಸಿ ತಗದು ನೀರಿಗೆ ಕೊಡತೈತಿ. ಬಿಸಿ ಕಳಕೊಂಡ ಗಾಳಿ ಥಂಡಾಗೇ ಹೊರಗ ಬೀಳ್ತೈತಿ. ತಿಳೀತೇನ್ರಿ?"

"ಛಲೋ ತಿಳೀತ್ರಿ," ಅಂದು ಮೆಣಸಿನಕಾಯಿ ಬಳಕೊಂಡು ಹ್ವಾದ್ಲು. ಶನಿವಾರ ಹೋಗಿ ನೋಡಿದ್ರ, ಅದ ಜಾಗಾದಾಗ ಆಕಿ ಹಾಲಿನ ಕ್ಯಾನ್ ಇತ್ತು.

ರವಿವಾರ

ಶನಿವಾರ ಸಂಜಿಮುಂದ ನನ್ನ ಸಿಟ್ಟು ನೆತ್ತಿಗೇರಿತ್ತು. ಮಷಿನ್ ಬಿಚ್ಚಿ, ಜಾಳಗ್ಯಾಗ ಸಿಕ್ಕಿದ್ದ ಮೆಣಸಿನಕಾಯಿ ಬೀಜಾ, ಧೂಳ ಎಲ್ಲಾ ಸ್ವಚ್ಛ ಮಾಡಿದೆ. ಕಾಕಾ, ಚಾ ಅಂಗಡ್ಯಾಕಿ, ಕೊಳದ ಮ್ಯಾನೇಜರ್, ಮೂರೂ ಮಂದೀನ ಸಾಲಾಗಿ ನಿಂದರಿಸಿ ಬಾಯಿಗೆ ಬಂದಂಗ ಬೈದೆ. ಸುತ್ತ ತಂತಿ ಬಲಿ ಹೊಡದು, ಬೀಗಾ ಜಡದು ಮನಿಗೆ ಬಂದೆ.

ಮುಂಜಾನೆ ಅಕ್ಕ ವಾಕರ್ ಹಿಡಕೊಂಡು, ಕೊಳದ ಮೆಟ್ಲಿಗೆ ಬಂದು, ಜೀವಾ ಗಟ್ಟಿ ಮಾಡಿ ಒಂದು ಕಾಲು ಇಟ್ಲು. "ಯವ್ವಾ!" ಅಂತ ಚೀರಿ ಹಿಂದಕ ತಗದ್ಲು. ನೀರು ಬಾವಿ ನೀರಿನಂಗ ಕೊರೀತಿತ್ತು.

"ಯಾರು ಮುಟ್ಟಿದ್ರಿ ಮಷಿನ್ನ?" ಅಂತ ನಾ ಗುಡುಗಿದೆ. "ಖರೇ ಹೇಳ್ರಿ! ಯಾರ ಕೈ ಅದು?"

ಕಾಕಾ ಆಣಿ ಮಾಡಿದ್ರು, ಚಾ ಅಂಗಡ್ಯಾಕಿ ಕಣ್ಣಾಗ ನೀರು ತಂದ್ಲು. ಮ್ಯಾನೇಜರ್ ಮಾತ್ರ ಸಾವಕಾಶ ಕೇಳಿದ್ರು, "ಬೀಗದ ಕೈ ನಿಮ್ಮ ಕಿಸೇದಾಗ ಐತಿ, ಯಾರು ಮುಟ್ಟಾಕ ಆಕ್ಕೈತ್ರಿ?"

ಬೀಗಾ ತಗದು ನೋಡಿದೆ. ಸ್ವಿಚ್ ಬಂದ್! ಸ್ವಚ್ಛ ಮಾಡಾಕಂತ ಬಂದ್ ಮಾಡಿದಾಂವ ನಾನ, ಬೈಯೂ ಭರದಾಗ ಹಾಕೂದು ಮರತಾಂವನೂ ನಾನ. ಯಾರ ಮಾರಿ ನೋಡಾಕೂ ಧೈರ್ಯ ಆಗಲಿಲ್ಲ. ಸ್ವಿಚ್ ಹಾಕಿ ತಲಿ ತೆಳಗ ಮಾಡಿ ನಿಂತೆ. ಅಕ್ಕ ಇನ್ನ ಮನಿಗೆ ಹೊಂಟ್ಲು, ಮತ್ತ ಎಂದೂ ಬರೂದಿಲ್ಲ ಅನ್ನಿಸ್ತು.

ಅಕ್ಕ ಬೆಂಚಿನ ಮ್ಯಾಲೆ ಕುಂತು ಹೊಟ್ಟಿ ಹಿಡಕೊಂಡು ನಗಾಕತ್ತಿದ್ಲು. "ಸಂಜಿ ಆಗ್ಲಿ, ನಾ ನೀರಿಗೆ ಇಳದ ಹೋಗಾಕಿ," ಅಂದ್ಲು. ಆಮ್ಯಾಲೆ ಮ್ಯಾನೇಜರ್ ಕಡೆ ತಿರಗಿದ್ಲು. "ಸಾಹೇಬ್ರ, ಈ ಮಷಿನ್ ಸುತ್ತಲಿನ ಕಾವು ಎಳಕೊಂತೈತಿ ಹೌದಲ್ಲರಿ? ನನ್ನ ತಮ್ಮನ್ನ ಅದರ ಪಕ್ಕಕ್ಕ ನಿಂದರಸ್ರಿ. ಅರ್ಧಾ ತಾಸಿನ್ಯಾಗ ನೀರು ಕುದೀತೈತಿ!"