ಮೂರು ದಿನದಲ್ಲಿ ಕರುಳು ಸರಿಮಾಡಿಕೊಂಡೆ

ನಾನು ಕೊಳ್ಳೇಗಾಲದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಕರುಳಿನ ಚಿತ್ರವನ್ನು ಕಣ್ಣುಮುಚ್ಚಿ ಬರೆಯಬಲ್ಲೆ. ನನ್ನ ಸ್ವಂತ ಕರುಳು ಮಾತ್ರ ಒಂದು ದಿನವೂ ನನ್ನ ಮಾತು ಕೇಳಿದ್ದಿಲ್ಲ.

ಬೆಳಗ್ಗೆ ಎದ್ದೊಡನೆ ಗ್ಯಾಸಿನ ಮಾತ್ರೆ, ಅದರ ಮೇಲೆ ಎರಡು ಕಾಫಿ, ಮಧ್ಯಾಹ್ನದ ಊಟ ಮೂರಕ್ಕೋ ನಾಲ್ಕಕ್ಕೋ. ಹೊಟ್ಟೆಯುಬ್ಬರ, ನಿದ್ದೆಗೇಡು, ಮೂಗಿನ ತುದಿಯಲ್ಲಿ ಸಿಟ್ಟು. "ನಿಮ್ ಒಟ್ಟೆ ಕೆಟ್ಟ ದಿನ ಮನೇಲಿ ಯಾರ್ಗೂ ನೆಮ್ಮದಿ ಇಲ್ಲ ಕಣ್ರಿ" ಎನ್ನುತ್ತಿದ್ದಳು ಹೆಂಡತಿ ಮಂಜುಳ.

ಅಷ್ಟರಲ್ಲಿ ಕೌದಳ್ಳಿಯಲ್ಲಿರುವ ನನ್ನ ಅಕ್ಕ ಜಯಮ್ಮನ ಮಗಳು ಪವಿತ್ರಳಿಗೆ ಮದುವೆ ಗೊತ್ತಾಯಿತು. ಭಾವ ತೀರಿಕೊಂಡಿದ್ದರು. ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕಾದ ಸೋದರಮಾವ ನಾನು. "ಅವ್ರಪ್ಪ ಇಲ್ಲ ಅಂತ ಮಗಿಗೆ ಅನ್ನಿಸ್ಬಾರ್ದು ಕಣ್ಲಾ, ನೀನೇ ಮುಂದೆ ನಿಂತ್ಕೊ" ಎಂದಿದ್ದಳು ಅಕ್ಕ.

ಉಬ್ಬಿದ ಹೊಟ್ಟೆ, ಗಂಟಿಕ್ಕಿದ ಮುಖ ಹೊತ್ತು ಅಂಥ ಜಾಗದಲ್ಲಿ ನಿಲ್ಲುವುದೇ? ಈ ಯೋಚನೆ ಬರುವಷ್ಟರಲ್ಲಿ ಮದುವೆಗೆ ಮೂರೇ ದಿನ ಉಳಿದಿತ್ತು. ಕರುಳಿನಲ್ಲಿ ಒಳ್ಳೆಯ ಸೂಕ್ಷ್ಮಜೀವಿಗಳು ಬೆಳೆದರೆ ನಿದ್ದೆಯೂ ಮನಸ್ಸೂ ಸರಿಹೋಗುತ್ತವೆಂದು ಮೊಬೈಲಿನಲ್ಲಿ ನೋಡಿದ್ದೆ. ಹುಳಿ ಬಂದ ರಾಗಿ ಅಂಬಲಿ, ಮೊಳಕೆ ಹುರುಳಿ, ಹಸಿ ಬೆಳ್ಳುಳ್ಳಿ, ಚೊಂಬುಗಟ್ಟಲೆ ಮಜ್ಜಿಗೆ, ಎಲ್ಲವನ್ನೂ ಒಂದೇ ದಿನ ಜಾರಿಗೆ ತಂದೆ.

"ಒಂದೊಂದಾಗಿ ಸುರು ಮಾಡಿ. ಮದ್ವೆ ಕಳ್ದ್ ಮೇಲೆ ಮಾಡುದ್ರೆ ಏನೋಯ್ತದೆ?" ಎಂದಳು ಮಂಜುಳ.

"ವಿಜ್ಞಾನ ಓದಿರೋದು ನಾನೋ ನೀನೋ?" ಎಂದೆ. ಅವಳು ಲೋಟ ತೊಳೆಯಲು ಹೋದಳು.

ಎರಡು ದಿನ ಕಳೆಯಿತು. ಹೊಟ್ಟೆ ತಮಟೆಯಾಯಿತೇ ಹೊರತು ಬೇರೇನೂ ಆಗಲಿಲ್ಲ. ಮದುವೆಯ ಹಿಂದಿನ ಸಂಜೆ, ಅಂತಿಮ ಕ್ರಮವಾಗಿ, ಮೂರು ಚಮಚ ಹರಳೆಣ್ಣೆ ಕುಡಿದೆ.

ಅದು ಬೆಳಗಿನವರೆಗೆ ತಾಳ್ಮೆಯಿಂದ ಕಾಯಿತು. ಕೌದಳ್ಳಿಯ ಬಸ್ಸು ಹನೂರು ದಾಟಿದ ಮೇಲೆ ಕೆಲಸ ಶುರುಮಾಡಿತು. ಎರಡು ಸಲ ಬಸ್ ನಿಲ್ಲಿಸಿದೆ. ಎರಡನೆಯ ಸಲ ಕಂಡಕ್ಟರ್, "ಸಾ, ನೀವು ಇಲ್ಲೇ ಇದ್ಬುಡಿ, ಇಂದ್ಗಡೆ ಬಸ್ಸಿಗೆ ಬನ್ನಿ" ಎಂದ.

ಹೇಗೋ ಛತ್ರ ಸೇರಿದೆ. ರೇಷ್ಮೆ ಪಂಚೆ ಉಟ್ಟೆ. ಮುಹೂರ್ತಕ್ಕೆ ಸರಿಯಾಗಿ ಮತ್ತೆ ಓಡಿದೆ.

"ಸೋದರಮಾವ ಹೆಣ್ಣನ್ನ ಕರ್ಕೊಂಡ್ ಬರ್ಬೇಕು" ಎಂದು ಮೈಕಿನಲ್ಲಿ ಮೂರು ಸಲ ಕರೆದರು. ಛತ್ರದ ಹಿಂದಿನ ಕಕ್ಕಸ್ಸಿನಲ್ಲಿ ಅದು ಸ್ಪಷ್ಟವಾಗಿ ಕೇಳಿಸಿತು. ಹಾಜರ್ ಎನ್ನುವ ಸ್ಥಿತಿಯಲ್ಲಿ ನಾನಿರಲಿಲ್ಲ. ಆಮೇಲೆ ಗಟ್ಟಿಮೇಳವೂ ಕೇಳಿಸಿತು. ಅಲ್ಲೇ ಕುಳಿತು ಅತ್ತೆ.

ಹೊರಬರುವಷ್ಟರಲ್ಲಿ ನಮ್ಮ ಚಿಕ್ಕಪ್ಪನ ಮಗ ನನ್ನ ಕೆಲಸ ಮುಗಿಸಿದ್ದ. ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬಂದ್ಯಾ" ಎಂದಷ್ಟೇ ಅಂದಳು. ಪವಿತ್ರ ಮಾತ್ರ ಹತ್ತಿರ ಬಂದು, "ಮಾವ, ಊಟ ಮಾಡ್ಬೇಡಿ, ಬರೀ ಮಜ್ಜಿಗೆ ಕುಡೀರಿ" ಎಂದಳು. ಅವಳ ಕಣ್ಣುಗಳು ಕೆಂಪಗಿದ್ದವು.

ಕೊಳ್ಳೇಗಾಲದ ಡಾಕ್ಟರು ಬೈದು ಹೇಳಿದ್ದು ಇಷ್ಟೇ: ಹೊತ್ತಿಗೆ ಸರಿಯಾಗಿ ಉಣ್ಣಿ, ನಾರಿನ ಪದಾರ್ಥ ಸ್ವಲ್ಪಸ್ವಲ್ಪವೇ ಹೆಚ್ಚಿಸಿ, ನೀವೇ ಮಾತ್ರೆ ನುಂಗಬೇಡಿ, ನಡೆಯಿರಿ, ಮಲಗಿ. ವರ್ಷಗಟ್ಟಲೆ ಕೆಟ್ಟದ್ದು ಮೂರು ದಿನದಲ್ಲಿ ಸರಿಹೋಗುವುದಿಲ್ಲ. ಮಂಜುಳ ಹೇಳಿದ್ದೂ ಅದೇ. ಅವಳು ಫೀಸು ಕೇಳಿರಲಿಲ್ಲ, ಹಾಗಾಗಿ ನಾನು ಕೇಳಿರಲಿಲ್ಲ.

ಆರು ತಿಂಗಳಾಯಿತು. ನಿದ್ದೆ ಬರುತ್ತಿದೆ, ಸಿಟ್ಟು ಇಳಿದಿದೆ. ಮೊನ್ನೆ ಧೈರ್ಯ ಮಾಡಿ ಅಕ್ಕನಿಗೆ ಫೋನ್ ಮಾಡಿದೆ.

"ಅಕ್ಕಾ, ಈಗ ಒಟ್ಟೆ ಪೂರ್ತಿ ಸರಿಯಾಗ್ಬುಟ್ಟದೆ."

"ಒಳ್ಳೇದಾಯ್ತು ಬುಡಪ್ಪ. ನಂಗಿನ್ನೊಬ್ಳು ಮಗ್ಳಿಲ್ವಲ್ಲ" ಎಂದು ಫೋನಿಟ್ಟಳು.

ತಟ್ಟೆಯ ಮುಂದೆ ಕುಳಿತೆ. ಎರಡು ಮುದ್ದೆ ಉಂಡೆ. ಚೆನ್ನಾಗಿ ಜೀರ್ಣವಾಯಿತು.