ಚಾಚಿಯ ಪ್ರಾಣಿ ನವಿಲು ತಿಂದಿತು

ನಮ್ಮ ಚಾಚಿಗೆ, ಅಂದರೆ ಚಿಕ್ಕಪ್ಪನ ಹೆಂಡತಿಗೆ, ಹುಲಿಯನ್ನು ಕಂಡರೆ ಭಯವಿಲ್ಲ, ಕನಿಕರ! ಟಿವಿಯಲ್ಲಿ ಹುಲಿ ಬಂದರೆ ಸಾಕು, ಲೊಚಗುಟ್ಟುತ್ತಾಳೆ. "ಪಾಪ, ಅಡವಿ ಹೋದ್ರ ಇದೂ ಹೋತು. ಒಂದ ಜಾಗಾದಾಗ ಬದುಕೂದು ಅದ್ಯಾವ ಶ್ಯಾಣ್ಯಾತನ?"

ಹಾಗಾದರೆ ಮುಂದೆ ಬೇಟೆಯಾಡುವವರು ಯಾರು? ಚಾಚಿಯ ಉತ್ತರ ಸಿದ್ಧ. ನಮ್ಮ ಅಡುಗೆಮನೆಯ ಬೆಕ್ಕಿನ ವಂಶದಲ್ಲಿ, ಲಕ್ಷ ವರ್ಷಗಳ ನಂತರ, ಒಂದು ಪ್ರಾಣಿ ಹುಟ್ಟಲಿದೆ. ನಮ್ಮ ನವಲಗುಂದದ ಎರೆಹೊಲದಲ್ಲಿ ಅದಕ್ಕೆ ಮಣ್ಣಿನ ಬಣ್ಣ. ಹತ್ತಿ ಅರಳಿದಾಗ ಮೈಮೇಲೆ ಬಿಳಿ ಚುಕ್ಕಿ. ಕಾಲುವೆಗೆ ಇಳಿದರೆ ಬಾತುಕೋಳಿಯ ಪಾದ. ಕಲಘಟಗಿ ಕಡೆಯ ಅಡವಿ ಸೇರಿದರೆ ಕೊಂಬೆಗೆ ಸುತ್ತುವ ಬಾಲ. "ಬಸ್ ಸ್ಟ್ಯಾಂಡಿನಾಗ?" ಎಂದು ಕೇಳಿದೆ. "ಅಲ್ಲಿ ಮಿರ್ಚಿ ತಿಂತೈತಿ" ಅಂದಳು!

ಒಮ್ಮೆ ಆ ಬೆಕ್ಕು ಹಾಲಿನ ಕೆನೆಗೆ ಬಾಯಿ ಹಾಕಿತು. ಚಾಚಾ ಕೋಲೆತ್ತಿದರು.

"ಹೊಡಿಬ್ಯಾಡ್ರಿ! ಇದರ ಮರಿಮಕ್ಕಳು ನಾಳೆ ಭೂಮಿ ಆಳ್ತಾವು."

"ಹಂಗಂತ ಇವತ್ತಿಂದನ ತೆರಿಗಿ ಎತ್ತಾಕ್ಹತ್ತೈತೇನು?"

ಕೋಲು ಮೂಲೆ ಸೇರಿತು, ಕೆನೆ ಬೆಕ್ಕಿನ ಹೊಟ್ಟೆ ಸೇರಿತು.

ನಮ್ಮ ಮನೆಯ ಹೆಂಗಸರ ಕಸುಬು ಜಮಖಾನೆ ನೇಯುವುದು. ಆದರೆ ಒಂದು ಕಟ್ಟುಪಾಡು: ಮಗ್ಗದ ವಿದ್ಯೆ ಸೊಸೆಗೆ ಮಾತ್ರ, ಮಗಳಿಗಿಲ್ಲ. ಮಗಳು ನಾಳೆ ಬೇರೆ ಊರಿಗೆ ಹೋಗುವವಳು. ವಿದ್ಯೆಯೂ ಅವಳ ಬೆನ್ನು ಹತ್ತಿ ಹೋದರೆ? ಸಂಶಿಯಿಂದ ಸೊಸೆಯಾಗಿ ಬಂದ ಚಾಚಿ ಮಗ್ಗದ ಮುಂದೆ. ಈ ಮನೆಯಲ್ಲೇ ಹುಟ್ಟಿದ ನಾನು ಹೊಸ್ತಿಲ ಮೇಲೆ! ಇದೆಂಥ ನ್ಯಾಯ? ನನಗೋ ಆ ಮಗ್ಗವೆಂದರೆ ಜೀವ.

ಒಂದು ದಿನ ಚಾಚಿ ಎಂದಿನ ನವಿಲಿನ ನಮೂನೆ ಬಿಟ್ಟು ತನ್ನ ಪ್ರಾಣಿಯನ್ನೇ ನೇಯಲು ಕೂತಳು. "ಬಾರವಾ, ಬಾಲಕ್ಕ ನಾಕ್ ಎಳಿ ಹಾಕು" ಎಂದು ನನ್ನನ್ನು ಕರೆದಳು. ಅಪ್ಪನ ತಾಯಿ ದಾದೀಮಾ ಸಿಡಿದೆದ್ದಳು.

"ಮನಿ ಮಗಳಿಗೆ ಕಲಸಾಕ್ಹತ್ತೀಯೇನ?"

"ಇಲ್ರೀ ಅತ್ತಿ. ನವಿಲು, ಚೌಕ ನಮ್ಮ ಮನಿ ನಮೂನಿ, ಅವನ್ನ ಮುಟ್ಟಗೊಟ್ಟಿಲ್ಲ. ಇದು ಇನ್ನೂ ಹುಟ್ಟಲಾರದ ಪ್ರಾಣಿ. ಇದು ಯಾರ ಮನಿ ನಮೂನಿ, ನೀವ ಹೇಳ್ರಿ?"

ದಾದೀಮಾ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ತನ್ನ ಮೂಲೆಗೆ ಹೋಗಿ ಕೂತಳು. ಆಮೇಲೆ ಆ ಪ್ರಾಣಿಗೆ ಬೇಕಾದ ಅಂಗಾಂಗಗಳಿಗೆ ಲೆಕ್ಕವುಂಟೇ! ಕಿವಿ, ಮೀಸೆ, ಚುಕ್ಕಿ, ಪಾದ, ಎಲ್ಲವನ್ನೂ ಚಾಚಿ ನನ್ನ ಕೈಯಿಂದಲೇ ಮಾಡಿಸಿದಳು. ತಪ್ಪಿದರೆ ಬಿಚ್ಚಿಸಿದಳು. ಉಗುರು ಮಾತ್ರ ಇರಲಿಲ್ಲ. ಕೇಳಿದರೆ, "ತಡಿ, ಅದಕ್ಕೂ ಟೈಮ್ ಬರ್ತೈತಿ" ಅಂದಳು.

ಹುಬ್ಬಳ್ಳಿಯ ಗಿರಾಕಿಯೊಬ್ಬರು ಅದನ್ನು ಬಿಡಿಸಿ ನೋಡಿ ಕಂಗಾಲಾದರು. "ನವಲಗುಂದದ ಜಮಖಾನಿ ಅಂತೀರಿ, ನವಿಲ ಎಲ್ಲೈತ್ರಿ?"

"ಇದು ತಿಂದೈತ್ರಿ" ಅಂದಳು ಚಾಚಿ.

ಅವರು ಬರಿಗೈಯಲ್ಲಿ ಹೋದರು. ಚಾಚಾ ಜಮಖಾನೆಯನ್ನು ಸುತ್ತಿ ಮೂಲೆಗೆ ತಳ್ಳಿದರು.

ಅಷ್ಟರಲ್ಲಿ ನನ್ನ ಮದುವೆ ಕಲಘಟಗಿ ಕಡೆಯ ದುಮ್ಮವಾಡಕ್ಕೆ ಗೊತ್ತಾಯಿತು. ಬಯಲಲ್ಲಿ ಬೆಳೆದ ನಾನು ಚಾಚಿಯ ಸೆರಗು ಹಿಡಿದು ಅತ್ತುಬಿಟ್ಟೆ. "ಆ ಮಳಿ, ಆ ಗಿಡಾ... ಗುರ್ತಿನವರಿಲ್ಲ, ಮಗ್ಗ ಇಲ್ಲ. ನಾ ಹೆಂಗ ಬದುಕಲಿ, ಚಾಚಿ?" ಅವಳು ಅಂದು ತಮಾಷೆ ಮಾಡಲಿಲ್ಲ.

ಹೊರಡುವ ದಿನ, ಯಾರೂ ಕೊಳ್ಳದ ಆ ಜಮಖಾನೆಯನ್ನು ಸುತ್ತಿ ನನ್ನ ತೊಡೆಯ ಮೇಲಿಟ್ಟಳು. ಒಳಗೆ ಏನೋ ಚುಚ್ಚಿತು. ಬಿಚ್ಚಿದರೆ, ನೇಯುವಾಗ ಎಳೆಗಳನ್ನು ಬಡಿದು ಕೂರಿಸುವ ಕಬ್ಬಿಣದ ಪಂಜಾ! ಬಾಗಿದ ಚೂಪು ಹಲ್ಲುಗಳು. ಚಾಚಿಯ ಅಂಗೈಗೆ ಸವೆದ ಹಿಡಿ.

"ಉಗುರು ಬಾಕಿ ಇದ್ದುವಲ್ಲ, ತಗೋ" ಅಂದಳು. "ಸಂಶಿಂದ ಬಂದಾಗ ನಾನೂ ಹಿಂಗ ಅತ್ತಿದ್ದೆ. ಈ ಪ್ರಾಣಿ ಎಲ್ಲಿ ಬಿಟ್ರೂ ಬದುಕತೈತಿ ಬೇ."

ಇಷ್ಟು ವರ್ಷ ಅವಳನ್ನು ನೋಡಿ ನಕ್ಕ ನಾನು ಆಗ ಆ ಪಂಜಾವನ್ನು ಎದೆಗವಚಿಕೊಂಡೆ.

ಈಗ ದುಮ್ಮವಾಡದ ನಮ್ಮ ಪಡಸಾಲೆಯಲ್ಲಿ, ಊರ ಬಡಿಗರಿಂದ ಮಾಡಿಸಿದ ಮಗ್ಗ ನಿಂತಿದೆ. ಹೊರಗೆ ಮಳೆ ಸುರಿಯುತ್ತಿದ್ದರೆ ಒಳಗೆ ನಾನು ಎಳೆ ಬಡಿಯುತ್ತಿರುತ್ತೇನೆ. ಚಾಚಿ ಫೋನ್ ಮಾಡಿದಾಗ ನನ್ನ ಗಂಡನನ್ನೂ ವಿಚಾರಿಸುವುದಿಲ್ಲ, ಅತ್ತೆಯನ್ನೂ ವಿಚಾರಿಸುವುದಿಲ್ಲ.

"ಪ್ರಾಣಿ ಹೆಂಗೈತಿ?" ಅನ್ನುತ್ತಾಳೆ.

"ಹೊಂದ್ಕೊಂಡೈತಿ, ಚಾಚಿ."

ಆ ಕಡೆ ಅವಳು ಮೂಗು ಒರೆಸಿಕೊಳ್ಳುವ ಸದ್ದು ಕೇಳಿಸುತ್ತದೆ.