ನನ್ನ ಸ್ಕ್ರಿಪ್ಟು ಸುರಿಸಿದ ಮಳೆ

ಯಾವ ಕೆಲಸವನ್ನಾದರೂ ನಾನೇ ಮಾಡಿದರೆ ಕೆಡುತ್ತದೆ. ಇದು ನನಗೂ ಗೊತ್ತು, ನನ್ನ ಹೆಂಡತಿಗಂತೂ ಚೆನ್ನಾಗಿ ಗೊತ್ತು. ಆದರೆ ನಾನೇ ಕೆಡಿಸಿದ ಕೆಲಸದಲ್ಲಿ ಒಂದು ನೆಮ್ಮದಿಯಿದೆ, ಕೆಟ್ಟದ್ದು ಕಣ್ಣೆದುರಿಗೇ ಇರುತ್ತದೆ. ಇನ್ನೊಬ್ಬರಿಗೆ ಹೇಳಿ ಮಾಡಿಸುವ ಕೆಲಸದಲ್ಲಿ ಅದೂ ಇಲ್ಲ. ಹೋದವನು ತಲುಪಿದನೋ, ತಲುಪಿದವನು ಮಾಡಿದನೋ, ಮಾಡಿದವನು ಸರಿಯಾಗಿ ಮಾಡಿದನೋ ಎಂದು ಎದೆ ಡವಗುಟ್ಟುತ್ತಲೇ ಇರುತ್ತದೆ. ನಾಳೆ ಅರ್ಧ ಲೀಟರ್ ಹೆಚ್ಚಿಗೆ ಹಾಕಪ್ಪ ಎಂದು ಹಾಲಿನವನಿಗೆ ಹೇಳಿದ ದಿನ ನನಗೆ ಊಟ ಸೇರುವುದಿಲ್ಲ. ಇಂಥ ಪುಕ್ಕಲು ಜೀವ ಮೇಷ್ಟರ ಕೆಲಸದಿಂದ ನಿವೃತ್ತನಾಗಿ ಕೊಡಗಿನ ಅಮ್ಮತ್ತಿಯ ಮನೆಯಲ್ಲಿ ತೆಪ್ಪಗೆ ಕೂತಿರಬೇಕಿತ್ತು. ಅದು ಬಿಟ್ಟು ಕಂಪ್ಯೂಟರ್ ಕಲಿಯಿತು. ಕಲಿತು ಸುಮ್ಮನಿರದೆ ಸ್ಕ್ರಿಪ್ಟ್ ಬರೆಯಿತು.

ಸ್ಕ್ರಿಪ್ಟ್ ಎಂದರೆ ದೊಡ್ಡ ವಿದ್ಯೆಯೇನಲ್ಲ. ಇದನ್ನು ಮಾಡು, ಆಮೇಲೆ ಅದನ್ನು ಮಾಡು ಎಂದು ಕಂಪ್ಯೂಟರಿಗೆ ಸಾಲಾಗಿ ಬರೆದಿಟ್ಟ ಅಪ್ಪಣೆ, ಅಷ್ಟೆ. ಅದರ ಸೊಗಸೆಂದರೆ, ಸ್ಕ್ರಿಪ್ಟಿಗೆ ತಾನಾಗಿ ಮಾಡಲು ಬರುವ ಕೆಲಸ ಕಡಿಮೆ. ನಾವು ಕಪ್ಪು ಪರದೆಯ ಮೇಲೆ ಹೆಸರು ಟೈಪ್ ಮಾಡಿ ಓಡಿಸುವ ಬೇರೆ ಬೇರೆ ಪ್ರೋಗ್ರಾಮ್‌ಗಳಿರುತ್ತವಲ್ಲ, ಅವನ್ನೇ ಅದು ಒಂದೊಂದಾಗಿ ಹೆಸರು ಹಿಡಿದು ಕರೆಯುತ್ತದೆ. ನೀನು ಹೋಗಿ ಲೆಕ್ಕ ತಾ, ನೀನು ಅದನ್ನು ಚಂದ ಮಾಡಿ ಬರೆ, ನೀನು ಎಲ್ಲರಿಗೂ ಹಂಚು. ತಾನು ಮಾತ್ರ ಕೂತಲ್ಲೇ ಕೂತಿರುತ್ತದೆ. ಇದನ್ನು ಕಲಿತ ದಿನ ನನಗೆ ಅಪ್ಪನ ನೆನಪಾಯಿತು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸದರಲ್ಲಿ ನಮ್ಮಪ್ಪ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಎಸ್ಟೇಟ್ ನಡೆಸುವ ದೊರೆ ಇವರಿಗೆ ಹೇಳುವುದು, ಇವರು ಮೇಸ್ತ್ರಿಗೆ ಹೇಳುವುದು, ಮೇಸ್ತ್ರಿ ಲೈನ್‌ಮನೆಯ ಕೂಲಿಯವರಿಗೆ ಹೇಳುವುದು. ಒಮ್ಮೆ ಎಸ್ಟೇಟ್ ರಸ್ತೆಗೆ ದೊಡ್ಡ ಮರ ಬಿತ್ತು. ತಿತಿಮತಿಯ ಆನೆ ಶಿಬಿರದಿಂದ ಆನೆ ಕರೆಸಿ ಎಳೆಸೋಣವೆಂದು ಅಪ್ಪ ಮುತ್ತ ಎಂಬ ಆಳನ್ನು ಕಳಿಸಿದರು. ಅವನು ಬರುವ ತನಕ ಅಷ್ಟೂ ಜನ ಕೆಲಸ ಬಿಟ್ಟು ಮರದ ಸುತ್ತ ಕೂತು ಎಲೆಯಡಿಕೆ ಹಾಕಿದರು. ಕೊನೆಗೂ ಮುತ್ತ ಬಂದ. “ಹೋಗಿ ಬಂದ್ಯಾ?” ಎಂದರು ಅಪ್ಪ. “ಬಂದೆ ಸಾಮಿ.” ಅಪ್ಪ ಸಮಾಧಾನದಿಂದ ದೊರೆಗೆ ಸುದ್ದಿ ಮುಟ್ಟಿಸಿದರು. ದೊರೆ ಜೀಪಿನಲ್ಲಿ ಬಂದು ನೋಡಿದರೆ ಮುತ್ತ ಇದ್ದ, ಮರ ಇತ್ತು, ಆನೆ ಇರಲಿಲ್ಲ. ಮಾವುತ ಯಾವುದೋ ಮದುವೆಗೆ ಹೋಗಿದ್ದನಂತೆ. “ಅದನ್ನ ನೀವು ಕೇಳ್ಲೇ ಇಲ್ಲವಲ್ಲ ಸಾಮಿ” ಎಂದನಂತೆ ಮುತ್ತ. ದೊರೆಯ ಬೈಗುಳವನ್ನು ಅಪ್ಪ ಇಂಗ್ಲಿಷಿನಲ್ಲಿ ತಿಂದು, ಮನೆಗೆ ಬಂದು ನಮಗೆ ಕನ್ನಡದಲ್ಲಿ ಬಡಿಸಿದರು. ಕಳಿಸಿದವನು ವಾಪಸ್ ಬಂದನೆಂದರೆ ಕೆಲಸ ಆಯಿತೆಂದಲ್ಲ ಎಂಬುದು ಹೀಗೆ ನಮ್ಮ ಮನೆಯಲ್ಲಿ ಮಕ್ಕಳಿಗೂ ಗೊತ್ತಿದ್ದ ವಿಷಯ. ಆದರೂ ನಾನು ಮರೆತೆ.

ಈಗ ನಮ್ಮ ಕಡೆಯ ಒಂದು ಮಾತು ಹೇಳಬೇಕು. ಫೆಬ್ರವರಿ ಮಾರ್ಚಿನಲ್ಲಿ ಕೊಡಗಿನಲ್ಲಿ ಯಾರೂ ಯಾರನ್ನೂ ಚೆನ್ನಾಗಿದ್ದೀರಾ ಎಂದು ಕೇಳುವುದಿಲ್ಲ. “ನಿಮ್ಮಲ್ಲಿ ಎಷ್ಟು ಬಂತು?” ಎಂದು ಕೇಳುತ್ತಾರೆ. ಬರಬೇಕಾದದ್ದು ಹೂಮಳೆ. ಒಂದಿಂಚು ಬಿದ್ದರೆ ಕಾಫಿ ಮೊಗ್ಗು ಅರಳುತ್ತದೆ. ಬೀಳದಿದ್ದರೆ ಸ್ಪ್ರಿಂಕ್ಲರ್ ಹಾಕಿ ನೀರು ಕೊಡಬೇಕು. ಅದೂ ಆಗದಿದ್ದರೆ ಮೊಗ್ಗು ಗಿಡದಲ್ಲೇ ಒಣಗಿ ಆ ವರ್ಷದ ಫಸಲಿಗೆ ಕೈಮುಗಿಯಬೇಕು. ಈ ಮಳೆಯ ಸ್ವಭಾವವೂ ವಿಚಿತ್ರ. ರಸ್ತೆಯ ಆ ಬದಿಗೆ ಬಂದು ಈ ಬದಿಗೆ ಬರುವುದಿಲ್ಲ. ಒಬ್ಬರ ತೋಟ ತೊಯ್ದು ಪಕ್ಕದ ತೋಟದಲ್ಲಿ ಧೂಳೇಳುತ್ತದೆ. ಹಾಗಾಗಿ ಬೆಳಗಾದರೆ ಇಂಚು, ಇಂಚಿನ ನೂರನೇ ಒಂದು ಪಾಲಾದ ಸೆಂಟು, ಇವುಗಳ ವಿಚಾರಣೆಗೆ ಮನೆಮನೆಯ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತದೆ. ಈ ಗಲಾಟೆ ತಪ್ಪಿಸೋಣವೆಂದೇ ನಾನು ಹೊರಟದ್ದು. ನಾಲ್ಕೈದು ಜನ ಸ್ನೇಹಿತರ, ನಂಟರ ತೋಟಗಳಲ್ಲಿ ತಾವಾಗಿಯೇ ಅಳೆದು ತಿಳಿಸುವ ಮಳೆಮಾಪಕ ಹಾಕಿಸಿದೆವು. ಬೆಳಿಗ್ಗೆ ನನ್ನ ಸ್ಕ್ರಿಪ್ಟ್ ಎದ್ದು ಮೂರು ಪ್ರೋಗ್ರಾಮ್‌ಗಳನ್ನು ಕರೆಯಬೇಕು. ಒಂದು ಮಾಪಕಗಳ ಲೆಕ್ಕ ತರಬೇಕು, ಇನ್ನೊಂದು ಕನ್ನಡದಲ್ಲಿ ಅಂದವಾಗಿ ಬರೆಯಬೇಕು, ಮತ್ತೊಂದು ಬಳಗದವರ ಫೋನಿಗೆಲ್ಲ ಕಳಿಸಬೇಕು.

ಪರೀಕ್ಷೆ ಮಾಡುವಾಗ ಸುಳ್ಳು ಲೆಕ್ಕವೊಂದು ಬೇಕಾಯಿತು. ಬಿಟ್ಟಂಗಾಲದಲ್ಲಿ ನನ್ನ ಅಕ್ಕ ಭಾವನ ತೋಟವಿದೆ. ಭಾವನಿಗೆ ಪ್ರತಿವರ್ಷ ಹೂಮಳೆ ಕೈಕೊಡುತ್ತದೆ. ಪಾಪ, ಸುಳ್ಳಿನಲ್ಲಾದರೂ ಅವರಿಗೆ ಬರಲಿ ಎಂದು ಪ್ರೀತಿಯಿಂದ, ಬಿಟ್ಟಂಗಾಲ ಒಂದಿಂಚು ಇಪ್ಪತ್ತು ಸೆಂಟು ಎಂದು ತುಂಬಿಸಿದೆ.

ಮೊದಲ ದಿನ ಬೆಳಿಗ್ಗೆ ಸ್ಕ್ರಿಪ್ಟ್ ಓಡಿತು. ಮೊದಲನೆಯ ಪ್ರೋಗ್ರಾಮ್ ಎಲ್ಲ ಕಡೆ ಹೋಗಿ ಬಂತು. ಎಲ್ಲೂ ಮಳೆಯಿರಲಿಲ್ಲ. ಬಿಟ್ಟಂಗಾಲದ ಮಾಪಕಕ್ಕೆ ಮಾತ್ರ ಬ್ಯಾಟರಿ ಇರಲಿಲ್ಲ. ಲೆಕ್ಕ ಸಿಗಲಿಲ್ಲ ಎಂದು ಪ್ರೋಗ್ರಾಮ್ ಪರದೆಯ ಮೇಲೆ ಅಚ್ಚುಕಟ್ಟಾಗಿ ದೂರು ಬರೆಯಿತು. ಓದಲು ಅಲ್ಲಿ ಯಾರಿದ್ದರು? ನಾನು ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದೆ. ಹೋದವನು ಬಂದನಲ್ಲ, ಸಾಕು ಎಂದುಕೊಂಡ ಸ್ಕ್ರಿಪ್ಟ್ ಎರಡನೆಯದನ್ನು ಕರೆಯಿತು. ಎರಡನೆಯದು ಬಿಟ್ಟಂಗಾಲದ ಜಾಗದಲ್ಲಿ ನಾನು ಅಳಿಸಲು ಮರೆತಿದ್ದ ಹಳೆಯ ಸುಳ್ಳು ಲೆಕ್ಕವನ್ನೇ ಚಂದವಾಗಿ ಬರೆಯಿತು. ಮೂರನೆಯದಂತೂ ಬಲು ಚುರುಕು. ನಾನು ಲೋಟ ಕೆಳಗಿಡುವಷ್ಟರಲ್ಲಿ ಬಿಟ್ಟಂಗಾಲದಲ್ಲಿ ಒಂದಿಂಚು ಇಪ್ಪತ್ತು ಸೆಂಟು ಮಳೆ ಬಂದಿತ್ತು.

ತಪ್ಪು ಕಂಡ ಕೂಡಲೇ ಕಂಪ್ಯೂಟರಿನ ಹತ್ತಿರ ಓಡಿದೆ, ಸಂದೇಶ ಹೋಗಿಯಾಗಿತ್ತು. ಆದರೂ ಒಂದು ಆಸೆ ಇತ್ತು. ಆಕಾಶದಲ್ಲಿ ಒಂದು ತುಂಡು ಮೋಡವಿಲ್ಲ, ಯಾರಾದರೂ ನಂಬುತ್ತಾರೆಯೇ? ನಂಬಿದರು. ಎಲ್ಲರೂ ನಂಬಿದರು. ಭಾವನ ಪಕ್ಕದ ತೋಟದ ಪೂಣಚ್ಚನವರೇ ಫೋನ್ ಮಾಡಿ, “ನಂಗೆ ಆಗ್ಲೇ ಗೊತ್ತಾಯ್ತು ಮಾಷ್ಟ್ರೆ, ಶಬ್ದ ಕೇಳಿತ್ತು. ನಮ್ಮ ಬೇಲಿವರೆಗೆ ಬಂದು ನಿಂತದ್ದು ನೋಡಿ! ಎಂತ ಹಣೆಬರಹ ನಮ್ದು” ಎಂದು ನಿಟ್ಟುಸಿರಿಟ್ಟರು. ಬೇರೆ ಊರಿನಲ್ಲಾಗಿದ್ದರೆ ಜನ ನಕ್ಕುಬಿಡುತ್ತಿದ್ದರು. ಪಕ್ಕದವನ ತೋಟಕ್ಕೆ ಮಾತ್ರ ಮಳೆ ಬರುತ್ತದೆ ಎಂಬುದರಲ್ಲಿ ನಮ್ಮವರಿಗೆ ಎಳ್ಳಷ್ಟೂ ಸಂಶಯವಿಲ್ಲ.

ಭಾವನಿಗೆ ಫೋನ್ ಮಾಡಿದೆ. “ಭಾವ, ದೊಡ್ಡ ಪ್ರಮಾದವಾಗಿದೆ. ನಿಮ್ಮಲ್ಲಿ ಮಳೆ ಬಂದಿಲ್ಲ.”

“ಅದು ನಂಗೆ ಗೊತ್ತುಟ್ಟಲ್ಲ” ಎಂದರು ಭಾವ, ಗೊತ್ತಿದೆಯಲ್ಲ ಎಂಬುದನ್ನು ನಮ್ಮ ಅರೆಭಾಷೆಯಲ್ಲಿ, ಧ್ವನಿ ತಗ್ಗಿಸಿ. “ಆದ್ರೆ ಬೆಳಿಗ್ಗಿಂದ ಜನ ಫೋನ್ ಮಾಡಿ ಮಾಡಿ ಖುಷಿ ಪಡ್ತಾ ಇದ್ದಾರೆ. ಮೊದಲನೇವ್ರಿಗೆ ಇಲ್ಲ ಅಂತ ಹೇಳುವ ಅಂತ ಬಾಯಿ ತೆಗ್ದೆ. ಹೂಂ ಅಂತ ಬಂತು.”

ಅವರನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಎಷ್ಟೋ ವರ್ಷ ಬೇರೆಯವರ ಇಂಚುಗಳನ್ನು ಕೇಳಿ ಕೇಳಿ, “ನಿಮ್ಮಲ್ಲಿ?” ಎಂದಾಗ ತಲೆ ತಗ್ಗಿಸಿದ ಮನುಷ್ಯ. ಒಂದು ದಿನ ಒಂದಿಂಚಿನ ಯಜಮಾನನಾಗಿ ಮಾತಾಡಿದ್ದಾರೆ. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ಅವರು, ಪೂಣಚ್ಚನವರು, ಇನ್ನೂ ಒಬ್ಬರು ಸೇರಿ ಒಂದೇ ಪಂಪ್‌ಸೆಟ್ಟು, ಸ್ಪ್ರಿಂಕ್ಲರ್ ಪೈಪು ಇಟ್ಟುಕೊಂಡಿದ್ದಾರೆ. ಸರದಿ ಪ್ರಕಾರ ಆ ವಾರ ಭಾವನದು. “ನಿಮಗೆ ಮಳೆ ಬಂತಲ್ಲ, ನಾವು ತಗೊಂಡು ಹೋಗುವ” ಎಂದು ಪೂಣಚ್ಚನವರು ಟ್ರ್ಯಾಕ್ಟರ್ ತಂದಾಗ ಭಾವ ತಾವೇ ನಿಂತು ಪಂಪನ್ನು ಎತ್ತಿಸಿ ಕೊಟ್ಟಿದ್ದಾರೆ.

ಅಲ್ಲಿಂದ ಶುರುವಾಯಿತು ನನ್ನ ಪಾಡು. ಮೊಗ್ಗು ಹೆಚ್ಚು ದಿನ ಕಾಯುವುದಿಲ್ಲ, ಕೆರೆಯ ನೀರೂ ಕಾಯುವುದಿಲ್ಲ. ಅಕ್ಕನ ಮನೆಯ ವರ್ಷದ ಅನ್ನ ನನ್ನ ಮೂರು ಸಾಲಿನ ಅಪ್ಪಣೆಗೆ ಸಿಕ್ಕಿ ಒಣಗುತ್ತಿದೆ. ತಿದ್ದುಪಡಿ ಕಳಿಸುತ್ತೇನೆ ಎಂದರೆ ಭಾವ, “ನನ್ನ ಮಳೆಯನ್ನು ಕ್ಯಾನ್ಸಲ್ ಮಾಡಿದ್ರೆ ನಾನು ಅಮ್ಮತ್ತಿ ಸಂತೆಗೆ ಮುಖ ತೋರ್ಸುದು ಹೇಗೆ?” ಎಂದು ಅಂಗಲಾಚಿದರು. ನನ್ನ ಹೆಂಡತಿ, “ನಿಮ್ಮ ಅಕ್ಕನಿಗೆ ಹೇಳಿದ್ರಾ?” ಎಂದಳು. ಅಕ್ಕನಿಗೆ ಹೇಳುವ ಧೈರ್ಯವಿದ್ದಿದ್ದರೆ ನಾನು ಕಂಪ್ಯೂಟರಿಗೆ ಯಾಕೆ ಹೇಳುತ್ತಿದ್ದೆ? ಊಟ ಮಾಡಿದರೆ ಮೊಗ್ಗು ಕಾಣುತ್ತಿತ್ತು, ಮೊಗ್ಗು ಕಂಡರೆ ಊಟ ಇಳಿಯುತ್ತಿರಲಿಲ್ಲ. ಕೊನೆಗೆ ತಡೆಯಲಾರದೆ, ಭಾವನ ಮಾತು ಮೀರಿ, ಬಿಟ್ಟಂಗಾಲದಲ್ಲಿ ಮಳೆ ಬಂದಿಲ್ಲ, ಅದು ನನ್ನ ತಪ್ಪು, ಕ್ಷಮಿಸಬೇಕು ಎಂದು ಕೈಯಾರೆ ಟೈಪ್ ಮಾಡಿ ಎಲ್ಲರಿಗೂ ಕಳಿಸಿದೆ.

ಒಬ್ಬರೂ ನಂಬಲಿಲ್ಲ. “ಬಿಡಿ ಮಾಷ್ಟ್ರೆ, ಮೆಷಿನ್ ಸುಳ್ಳು ಹೇಳ್ತದಾ?” ಎಂದರು ಒಬ್ಬರು. “ನಿಮ್ಮಲ್ಲಿ ಬಂದಿಲ್ಲ ಅಂತ ಸ್ವಂತ ಭಾವನ ಮಳೆಗೆ ಕಣ್ಣು ಹಾಕ್ಬಾರ್ದು” ಎಂದು ಗೊಬ್ಬರದಂಗಡಿಯವರು ಬುದ್ಧಿ ಹೇಳಿದರು. ಪೂಣಚ್ಚನವರು, “ಅವ್ರೇ ಪಂಪ್ ಎತ್ತಿ ಕೊಟ್ಟಿದ್ದಾರಲ್ಲ, ಇನ್ನೆಂತ ಸಾಕ್ಷಿ?” ಎಂದರು. ಒಪ್ಪಬೇಕಾದ ಮಾತೇ.

ನಂಬಿದವಳು ಅಕ್ಕ ಒಬ್ಬಳು. ಅವಳಿಗೆ ನಂಬುವ ಪ್ರಶ್ನೆಯೇ ಇರಲಿಲ್ಲ, ಅಂಗಳದಲ್ಲಿ ಒಣಹಾಕಿದ ಮೆಣಸು ನೆನೆದಿರಲಿಲ್ಲ. ಇಷ್ಟು ದಿನ ಪಂಪು ರಿಪೇರಿಗೆ ಹೋಗಿದೆ ಎಂದು ಭಾವ ಅವಳಿಗೆ ಹೇಳಿದ್ದರಂತೆ. ಭಾವನ ಫೋನಿನಲ್ಲಿ ನನ್ನ ಸಂದೇಶ ಓದಿದವಳೇ ಸೀದಾ ಪೂಣಚ್ಚನವರ ಮನೆಗೆ ಹೋಗಿ, “ನಮ್ಮಲ್ಲಿ ಒಂದು ಹನಿ ಬಿದ್ದಿಲ್ಲ, ಪಂಪ್ ಕೊಡಿ” ಎಂದು ಕೇಳಿ, ಅದೇ ಟ್ರ್ಯಾಕ್ಟರಿನಲ್ಲಿ ಹೇರಿಸಿಕೊಂಡು ಬಂದಳು. ಭಾವ ಮರ್ಯಾದೆಯ ಮಾತೆತ್ತಿದರಂತೆ. “ಮಳೆ ನಿಮ್ಮದ್ ಇರ್ಲಿ, ಕಾಪಿ ನನ್ನದ್” ಎಂದಳಂತೆ. ಆಮೇಲೆ ನನಗೆ ಫೋನ್ ಮಾಡಿ ಹೇಳಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಮೇಷ್ಟರಾಗಿ ನಾನು ಯಾವ ಹುಡುಗನಿಗೂ ಅಷ್ಟು ಬೈದಿರಲಿಲ್ಲ ಎಂದಷ್ಟೇ ಹೇಳಬಲ್ಲೆ.

ಬೈಗುಳದಿಂದ ಒಂದು ಉಪಕಾರವಾಯಿತು. ಸ್ಕ್ರಿಪ್ಟನ್ನು ಬುಡದಿಂದ ತಿದ್ದಿದೆ. ಈಗ ಅದು ಮೊದಲು ಹಳೆಯ ಲೆಕ್ಕವನ್ನು ಅಳಿಸುತ್ತದೆ. ಪ್ರತಿಯೊಂದು ಪ್ರೋಗ್ರಾಮನ್ನು ಕಳಿಸಿದ ಮೇಲೆ ಅದು ಮುಗಿಯುವ ತನಕ ಕಾಯುತ್ತದೆ. ಬಂದ ಕೂಡಲೇ, ಬರೀ ಬಂದೆಯಾ ಎಂದಲ್ಲ, ಕೆಲಸ ಆಯಿತೇ ಎಂದು ಕೇಳುತ್ತದೆ. ಆಗಲಿಲ್ಲ ಎಂದರೆ ಅಲ್ಲೇ ನಿಂತುಬಿಡುತ್ತದೆ, ಯಾರಿಗೂ ಒಂದಕ್ಷರ ಕಳಿಸುವುದಿಲ್ಲ. ಹೊಸ ಬ್ಯಾಟರಿ ತೆಗೆದುಕೊಂಡು ನಾನೇ ಬಿಟ್ಟಂಗಾಲಕ್ಕೆ ಹೋಗಿ ಮಾಪಕಕ್ಕೆ ಹಾಕಿದೆ. ಅಷ್ಟರಲ್ಲಿ ಕೆರೆಯ ದಡದಿಂದ ಪಂಪಿನ ಸದ್ದು ಕೇಳಿತು. ಸ್ಪ್ರಿಂಕ್ಲರುಗಳು ಚಿಟಿಚಿಟಿ ಎನ್ನುತ್ತಾ ತಿರುಗತೊಡಗಿದವು. ಒಣಗಿ ನಿಂತಿದ್ದ ಗಿಡಗಳ ಮೇಲೆ ನೀರು ಬೀಳುವುದನ್ನು ಕಂಡು ನನ್ನ ಕಣ್ಣಲ್ಲೂ ನೀರು ಬಂತು. ಮಾಪಕದ ಕಂಬಕ್ಕೆ ಒರಗಿ, ಪೂರ್ತಿ ನೆನೆದು, ಸಂತೋಷದಿಂದ ನಿಂತೆ. ಆ ರಾತ್ರಿ ಒಳ್ಳೆಯ ನಿದ್ದೆ ಬಂತು.

ಬೆಳಿಗ್ಗೆ ಕಂಪ್ಯೂಟರ್ ಮುಂದೆಯೇ ಕೂತೆ. ಮೊದಲನೆಯದು ಹೋಯಿತು, ಬಂತು, ಎಲ್ಲ ಮಾಪಕಗಳ ಲೆಕ್ಕವನ್ನೂ ತಂದಿತು. ಎರಡನೆಯದು ಬರೆಯಿತು. ಮೂರನೆಯದು ಕಳಿಸಿತು. ಎಲ್ಲಿಯೂ ದೂರಿಲ್ಲ, ಒಂದೂ ತಪ್ಪಿಲ್ಲ. ನಿಟ್ಟುಸಿರು ಬಿಟ್ಟು, ಕನ್ನಡಕ ಹಾಕಿಕೊಂಡು, ಹೋದ ಸಂದೇಶವನ್ನು ಓದಿದೆ. ಬೇರೆ ಎಲ್ಲ ಕಡೆ ಸೊನ್ನೆ. ಬಿಟ್ಟಂಗಾಲ, ಒಂದಿಂಚು ನಲವತ್ತು ಸೆಂಟು.

ಎಲ್ಲ ಸ್ಪ್ರಿಂಕ್ಲರಿನ ನೀರು. ಮಾಪಕಕ್ಕೆ ಅದರ ಭೇದ ಗೊತ್ತಿಲ್ಲ, ಪ್ರೋಗ್ರಾಮಿಗೆ ಗೊತ್ತಿಲ್ಲ, ಆ ನೀರಿನಲ್ಲಿ ನೆನೆದು ಬಂದ ನನಗೂ ಹೊಳೆದಿರಲಿಲ್ಲ. ತಿದ್ದುಪಡಿ ಬರೆಯೋಣವೆಂದು ಬೆರಳೆತ್ತಿದೆ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಗೊಬ್ಬರದಂಗಡಿಯವರು.

“ಎಂತ ಮಾಷ್ಟ್ರೆ, ಭಾವನಿಗೆ ಮತ್ತೆ ಬಂತಲ್ಲ! ಇವತ್ತಾದ್ರೂ ನಿಜ ತಾನೆ?”

“ನಿಜ” ಎಂದೆ. “ಎಲ್ಲ ಚೆಕ್ ಮಾಡಿದ್ದೇನೆ.”